ಬಂತೇನು ನೋಡು, ಇಂಡಿ

ನಮ್ಮ ಪ್ರಾಜೆಕ್ಟಿನ ಗ್ರೂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿ ನಮ್ಮ ಗೈಡ್ ಸರ್ ನಾಲ್ವರನ್ನು ಆರಿಸಿ, ನಾಲ್ಕು ತಾಲ್ಲೂಕಿನ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಅಳೆಯುವ ಕೆಲಸ ಕೊಟ್ಟಿದ್ದರು. ಫೋನಿನಲ್ಲಿ ಗ್ರೂಪ್ ಮಾಡಿದ ದಿನ ಅವರೇ ನಮ್ಮನ್ನು ತಾಲ್ಲೂಕಿನಿಂದ ಕರೆದರು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಅಂದಿನಿಂದ ನಾವೂ ಹಾಗೇ ಕರೆದುಕೊಂಡೆವು. ಹಾಗೆ ನೋಡಿದರೆ ನನ್ನ ಊರು ಇಂಡಿ ಅಲ್ಲ, ಲಚ್ಯಾಣದ ಹತ್ತಿರದ ಒಂದು ಹಳ್ಳಿ. ಸಿಂದಗಿ ಎನ್ನಿಸಿಕೊಂಡವನು ಮೋರಟಗಿಯವನು, ಬಾಗೇವಾಡಿ ಎನ್ನಿಸಿಕೊಂಡವಳು ಮನಗೂಳಿಯವಳು. ತಾಲ್ಲೂಕು ಸಿಕ್ಕ ಮೇಲೆ ಊರನ್ನು ಯಾರು ಕೇಳುತ್ತಾರೆ? ನನ್ನ ಅವ್ವ ಕೂಡ ಫೋನು ಬಡಿದುಕೊಂಡರೆ ಅಡುಗೆಮನೆಯಿಂದಲೇ, ನಿನ್ನ ಮುದ್ದೇಬಿಹಾಳ ಫೋನ್ ಹಚ್ಚೇತಿ ನೋಡು, ಎನ್ನುತ್ತಿದ್ದಳು.

ಆ ಮುದ್ದೇಬಿಹಾಳದವನ ವಿಷಯ ಹೇಳಬೇಕೆಂದೇ ಕುಳಿತಿದ್ದೇನೆ. ಅವನು ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ವಿಡಿಯೊ ಕರೆ ಮಾಡುತ್ತಿದ್ದ. ಆ ನಾಲ್ಕು ತಿಂಗಳಲ್ಲಿ ನನ್ನದು ಅಂತ ಇದ್ದದ್ದು ಆ ಕರೆ ಒಂದೇ. ಅದನ್ನು ನನ್ನ ಬಾಯಿಂದಲೇ ಕಳೆದುಕೊಂಡೆ.

ಆ ವರ್ಷ ಹಾಸ್ಟೆಲನ್ನು ದುರಸ್ತಿಗೆಂದು ಮುಚ್ಚಿದ್ದರು. ಉಳಿದ ಎರಡು ಪೇಪರಿನ ಪಾಠ ಫೋನಿನಲ್ಲೇ ಆಗುತ್ತಿತ್ತು. ಸರ್ ಮಾತಾಡುತ್ತಿದ್ದರು, ನಾವೆಲ್ಲ ಕ್ಯಾಮೆರಾ ಆರಿಸಿ, ಮೈಕು ಆರಿಸಿ ಕಪ್ಪು ಚೌಕಗಳಾಗಿ ಕೂತಿರುತ್ತಿದ್ದೆವು. ಕೆಲವರು ಫೋನು ಗೂಡಿನಲ್ಲಿಟ್ಟು ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದರು, ನನಗೆ ಗೊತ್ತು. ಕ್ಲಾಸಿನ ದೊಡ್ಡ ಗ್ರೂಪಿಗೆ ಸರ್ ಏನಾದರೂ ಹಾಕಿದರೆ ಎಲ್ಲರೂ ಸಾಲಾಗಿ 'ಓಕೆ ಸರ್', 'ಓಕೆ ಸರ್' ಎಂದು ಹಾಕುತ್ತಿದ್ದರು. ಏನೂ ತಿಳಿಯದವರೇ ಮೊದಲು ಹಾಕುತ್ತಿದ್ದರು. ಡೌಟು ಇದ್ದರೆ ಗ್ರೂಪಿನಲ್ಲಿ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಾಗಂತ ಯಾರೂ ಬೇಡ ಅಂದಿರಲಿಲ್ಲ, ಆದರೆ ಕೇಳಿದವನು ದಡ್ಡ ಎಂದು ಉಳಿದವರು ಅಲ್ಲೇ ತೀರ್ಮಾನ ಮಾಡಿಬಿಡುತ್ತಿದ್ದರು. ಕೇಳುವುದಿದ್ದರೆ ಪರ್ಸನಲ್‌ಗೆ ಬರಬೇಕು.

ನನ್ನ ಪರ್ಸನಲ್‌ಗೆ ಬಹಳ ಮಂದಿ ಬರುತ್ತಿದ್ದರು, ಯಾಕೆಂದರೆ ನನ್ನ ನೋಟ್ಸು ಚೊಕ್ಕಟ. ಫೋಟೊ ತೆಗೆದು ಕಳಿಸಿದರೆ ಆ ಕಡೆಯಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು. ಉಂಡೆಯಾ, ಹೇಗಿದ್ದೀಯಾ ಎಂದು ಕೇಳಿದವರು ಒಬ್ಬರಿಲ್ಲ. ಆ ಹೆಬ್ಬೆರಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹಾಸ್ಟೆಲಿನಲ್ಲಿ ನನ್ನ ಬಕೆಟ್ ಮುಟ್ಟಲು ಹುಡುಗಿಯರು ಹೆದರುತ್ತಿದ್ದರು, ಅದು ನನಗೆ ಆಗ ದೊಡ್ಡಸ್ತಿಕೆ ಅನ್ನಿಸುತ್ತಿತ್ತು.

ಊರಿನಲ್ಲಿ ನನ್ನ ಜೊತೆ ಸಾಲಿ ಕಲಿತವರೆಲ್ಲ ಗಂಡನ ಮನೆಗೆ ಹೋಗಿದ್ದರು. ತವರಿಗೆ ಬಂದಾಗ ಕಂಕುಳಲ್ಲಿ ಕೂಸು ಇಟ್ಟುಕೊಂಡು, ಇನ್ನೂ ಓದಾಕತ್ತಿಯೇನ ನೀ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅಪ್ಪ ನಿಂಬೆಯ ಚೀಲಗಳ ಜೊತೆ ಮಾರ್ಕೆಟ್ಟಿಗೆ, ಅವ್ವ ತನ್ನ ಕೆಲಸಕ್ಕೆ. ದಿನವಿಡೀ ಫೋನು ಟಿಂಗ್ ಟಿಂಗ್ ಎನ್ನುತ್ತಿತ್ತು. ಒಂದು ಟಿಂಗೂ ನನಗಾಗಿ ಇರುತ್ತಿರಲಿಲ್ಲ. ಒಂಟಿತನ ಅಂದರೆ ಸದ್ದೇ ಇಲ್ಲದಿರುವುದು ಅಂತ ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

ಇನ್ನು ಪ್ರಾಜೆಕ್ಟಿನ ಕೆಲಸ. ಸರ್ ನಾಲ್ವರಿಗೂ ಒಂದೊಂದು ಪೆಟ್ಟಿಗೆ ಕೊಟ್ಟು ಮನೆಗೆ ಕಳಿಸಿದ್ದರು. ಅದರಲ್ಲಿ ಬ್ಯುರೆಟ್ ಎನ್ನುವ, ಕೆಳಗೆ ಸಣ್ಣ ನಳವಿರುವ ಉದ್ದನೆಯ ಗಾಜಿನ ಕೊಳವೆ, ಅದನ್ನು ಹಿಡಿದು ನಿಲ್ಲಿಸುವ ಸ್ಟ್ಯಾಂಡು, ಎರಡು ಗಾಜಿನ ಫ್ಲಾಸ್ಕು, ಮೂರು ಬಾಟಲಿ ದ್ರಾವಣ, ಒಂದು ಡಬ್ಬಿ ಬಣ್ಣದ ಪುಡಿ. ಪ್ರತಿ ಭಾನುವಾರ ಅದೇ ಬೋರಿನ ನೀರು ಹಿಡಿದು ಫ್ಲಾಸ್ಕಿಗೆ ಹಾಕಬೇಕು, ಬಣ್ಣದ ಪುಡಿ ಚಿಟಿಕೆಯಷ್ಟು ಬೆರೆಸಬೇಕು. ನೀರು ಕಪ್ಪು ದ್ರಾಕ್ಷಿ ಹಿಂಡಿದ ಹಾಗೆ ಕೆಂಪಾಗುತ್ತದೆ. ಮೇಲಿನ ಬ್ಯುರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ ಹೋದರೆ ಒಂದು ಹನಿಗೆ ಆ ಕೆಂಪು ತಿರುಗಿ ನೀಲಿಯಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಎಷ್ಟು ದ್ರಾವಣ ಹೋಯಿತೋ ನೋಡಿ, ನಾಲ್ವರೂ ತೆರೆದು ನೋಡಬಹುದಾದ ಆನ್‌ಲೈನ್ ಶೀಟಿನಲ್ಲಿ ನಮ್ಮ ನಮ್ಮ ತಾಲ್ಲೂಕಿನ ಕೆಳಗೆ ಬರೆಯಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ತಪ್ಪಿತು.

ಲ್ಯಾಬಿನಲ್ಲಿ ಈ ಕೆಲಸವನ್ನು ಯಾರೂ ಒಬ್ಬರೇ ಮಾಡುತ್ತಿರಲಿಲ್ಲ. ಬಣ್ಣ ತಿರುಗುವ ಹೊತ್ತಿಗೆ ಪಕ್ಕದ ಬೆಂಚಿನವರು ತಮ್ಮ ಕೆಲಸ ಬಿಟ್ಟು ಬಗ್ಗಿ ನೋಡುವುದು, 'ಬಂತು, ನಿಲ್ಲಿಸು' ಎನ್ನುವುದು ನಮ್ಮಲ್ಲಿ ರೂಢಿ. ಮಾತು ಬಿಟ್ಟವರು ಕೂಡ ಅಷ್ಟಕ್ಕೆ ಮಾತ್ರ ಮಾತಾಡುತ್ತಿದ್ದರು. ಮನೆಯಲ್ಲಿ ಮೊದಲ ಭಾನುವಾರ ಹಿತ್ತಲಿನ ಕಟ್ಟೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ ಹನಿ ಬಿಟ್ಟೆ. ನೀರು ನೀಲಿಯಾಯಿತು. 'ಬಂತು' ಎಂದು ಜೋರಾಗಿಯೇ ಅಂದೆ. ಒಂದು ಕೋಳಿ ಕತ್ತೆತ್ತಿ ನನ್ನ ಕಡೆ ನೋಡಿ, ಮತ್ತೆ ಕೆದರುವುದಕ್ಕೆ ಹತ್ತಿತು. ನನಗೆ ಅಳು ಬಂತು. ಇಪ್ಪತ್ಮೂರು ವರ್ಷದ ಕತ್ತೆ ಅಳುತ್ತ ಕೂತಿತ್ತು ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ.

ಮರುವಾರ ಸರಿಯಾಗಿ ಹನ್ನೊಂದಕ್ಕೆ ಮುದ್ದೇಬಿಹಾಳದವನ ಕರೆ ಬಂತು. ಲ್ಯಾಬಿನಲ್ಲಿ ಅವನು ನಡುವಿನ ಬೆಂಚಿನವನು, ಮಾತು ಕಡಿಮೆ, ನನಗೂ ಅವನಿಗೂ ನೋಟ್ಸಿನಾಚೆ ಮಾತೇ ಆಗಿರಲಿಲ್ಲ. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತಿದ್ದ, ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲವಂತೆ. ಬಿಳಿ ನೋಟ್‌ಬುಕ್ಕಿನ ಹಾಳೆಯ ಮುಂದೆ ಫ್ಲಾಸ್ಕು ಹಿಡಿದು ಕೇಳಿದ.

"ಬಂತೇನು ನೋಡು, ಇಂಡಿ."

ಇನ್ನೂ ಇಲ್ಲ, ಕೆಂಪೇ ಇದೆ, ಎರಡು ಹನಿ ಹಾಕು ಎಂದೆ. ಹಾಕಿದ. ಇನ್ನೊಂದು ಎಂದೆ. ಬಂತು ಎಂದೆ. ಅವನು ನಳ ತಿರುಗಿಸಿ ಉಸಿರು ಬಿಟ್ಟ. ಆಮೇಲೆ ನನ್ನದನ್ನು ಹಿಡಿದು ತೋರಿಸಿದೆ. ಹೌದು, ಛಲೋ ಬಂತು ಎಂದ. ಆಮೇಲೆ ಫೋನು ಇಡಲಿಲ್ಲ. ಊಟ ಆಯಿತಾ ಎಂದು ಕೇಳಿದ.

ಅಂದಿನಿಂದ ಅದು ಪ್ರತಿ ಭಾನುವಾರದ ಮಾತಾಯಿತು. ಬಣ್ಣ ನೋಡುವುದಕ್ಕೆ ಹತ್ತು ನಿಮಿಷ, ಅವರ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಬರುವ ಕಾಗೆಯನ್ನು ಅವನು ಓಡಿಸುವುದಕ್ಕೆ ಹತ್ತು ನಿಮಿಷ, ಏನೇನೋ ಮಾತಿಗೆ ಹತ್ತು ನಿಮಿಷ. ಅವ್ವ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತ ಎಲ್ಲ ಕೇಳುತ್ತಿದ್ದಳು, ಮುಚ್ಚುಮರೆ ಏನೂ ಇರಲಿಲ್ಲ. ಆದರೂ ಹೇಳಿಬಿಡುತ್ತೇನೆ, ನಾನು ಕಾಯುತ್ತಿದ್ದೆ. ಶನಿವಾರವೇ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಬಣ್ಣ ಬರುವುದನ್ನು ಇಡೀ ಕ್ಲಾಸಿನಲ್ಲಿ ನನ್ನೊಬ್ಬಳನ್ನೇ ಕೇಳುತ್ತಾನಲ್ಲ, ಅದು ನನ್ನ ಜೊತೆ ಮಾತಾಡಲು ಅವನು ಹುಡುಕಿಕೊಂಡ ನೆಪ ಎಂದುಕೊಂಡಿದ್ದೆ. ಬೇರೆ ಏನೆಂದು ತಿಳಿದುಕೊಳ್ಳಬೇಕಿತ್ತು? ಕಣ್ಣೆದುರಿಗೆ ಕೆಂಪು ನೀಲಿಯಾಗುವುದು ಯಾರಿಗೆ ಕಾಣುವುದಿಲ್ಲ?

ಒಂದು ಭಾನುವಾರ ಅವನನ್ನು ಕಾಡಬೇಕೆಂದು, ಇನ್ನೂ ಒಂದು ಹನಿಯನ್ನೂ ಬಿಡದ ಕೆಂಪು ಫ್ಲಾಸ್ಕನ್ನು ಹಿಡಿದು, ಬಂತಲ್ಲ ಎಂದು ಕೇಳಿದೆ. ಅವನು ನೋಡಿ, ಬಂತು, ಭಾರಿ ಬಂತು ಎಂದ. ನಾನು ನಕ್ಕೆ. ಅವ್ವ ಸೊಪ್ಪು ಬಿಟ್ಟು ಒಮ್ಮೆ ಫೋನಿನ ಕಡೆ ನೋಡಿದಳು. ಫೋನು ಇಟ್ಟ ಮೇಲೆ ನನಗೆ ಸ್ವಲ್ಪ ಬೇಸರವಾಯಿತು, ಇವನು ನನ್ನ ಫ್ಲಾಸ್ಕು ನೋಡುವುದೇ ಇಲ್ಲ, ಬಾಯಿಗೆ ಬಂದದ್ದು ಹೇಳುತ್ತಾನೆ ಎಂದು.

ಎರಡು ತಿಂಗಳ ಮೇಲೆ ಒಂದು ಭಾನುವಾರ ನಾವು ಮದುವೆಗೆ ಹೋಗಬೇಕಾಯಿತು. ಅಲ್ಲಿ ಮಂಟಪದ ಗದ್ದಲದಲ್ಲಿ ಹನ್ನೊಂದಕ್ಕೆ ಅವನ ಕರೆ ಬಂದದ್ದು ನನಗೆ ಕೇಳಲಿಲ್ಲ. ಸಂಜೆ ಶೀಟು ತೆಗೆದು ನೋಡಿದರೆ ಅವನ ರೀಡಿಂಗ್ ಬಂದು ಕೂತಿತ್ತು, ಅದೂ ಸರಿಯಾದ ರೀಡಿಂಗ್. ನನ್ನನ್ನು ಕೇಳದೆ ಹೇಗೆ ಮಾಡಿದ ಎಂದು ಅಂದುಕೊಳ್ಳುತ್ತಿರುವಾಗಲೇ ಬಾಗೇವಾಡಿಯವಳು ಪರ್ಸನಲ್‌ಗೆ ಬಂದು ಬರೆದಳು: ಮುದ್ದೇಬಿಹಾಳ ಇವತ್ತು ನನಗೆ ವಿಡಿಯೊ ಮಾಡಿ ಬಂತೇನು ಬಂತೇನು ಎಂದು ತಲೆ ತಿಂದ, ಹೀಗೆ ಎಲ್ಲರಿಗೂ ಮಾಡುತ್ತಾನಾ ಎಂದು.

ಅವಳಿಗೆ ಒಂದು ಹೆಬ್ಬೆರಳು ಕಳಿಸಿ ಫೋನು ಹಾಸಿಗೆಯ ಮೇಲೆ ಒಗೆದೆ. ನಾನಲ್ಲದಿದ್ದರೆ ಇನ್ನೊಬ್ಬಳು. ಯಾರಾದರೂ ಆದೀತು. ಅವನೇನೂ ನನಗೆ ಮಾತು ಕೊಟ್ಟಿರಲಿಲ್ಲ, ನಾನೇ ತಲೆಯಲ್ಲಿ ಮನೆ ಕಟ್ಟಿಕೊಂಡವಳು, ಆದರೆ ಅದನ್ನು ಒಪ್ಪಿಕೊಳ್ಳುವ ಬುದ್ಧಿ ಆಗ ಇರಲಿಲ್ಲ. ಎರಡು ದಿನ ಅವನ ಮೆಸೇಜಿಗೆ ಉತ್ತರ ಕೊಡಲಿಲ್ಲ.

ಅದೇ ವಾರ ಸರ್ ಗ್ರೂಪಿಗೆ ಹಾಕಿದರು: ಬರುವ ಭಾನುವಾರ ನಾಲ್ವರೂ ವಿಡಿಯೊ ಮೀಟಿಂಗಿನಲ್ಲಿ ಕೂತು, ಸರ್ ಕಣ್ಣೆದುರೇ ಒಬ್ಬೊಬ್ಬರಾಗಿ ಮಾಡಿ ತೋರಿಸಬೇಕು. ಮೂವರು ತಕ್ಷಣ ಓಕೆ ಸರ್ ಹಾಕಿದೆವು. ಮುದ್ದೇಬಿಹಾಳ ಸಂಜೆಗೆ ಹಾಕಿದ. ಶನಿವಾರ ಮಧ್ಯಾಹ್ನ ನನ್ನ ಪರ್ಸನಲ್‌ಗೆ ಬಂದ.

"ನಾಳೆ ಸರ್ ಮುಂದ ನಿನ್ನ ಕೇಳಾಕ ಬರಂಗಿಲ್ಲ. ಬಣ್ಣ ಬಂದ ಕೂಡ್ಲೇ ನೀ ಒಂದ್ಸಲ ಕೆಮ್ಮು, ಇಂಡಿ. ಇಷ್ಟ ಮಾಡು."

ಓದಿದೆ. ಯಾಕೆ ಎಂದು ಕೇಳಬೇಕಿತ್ತು. ಒಂದು ಶಬ್ದ, ಯಾಕೆ. ಅಷ್ಟು ಕೇಳಿದ್ದರೆ ಅವನು ಹೇಳುತ್ತಿದ್ದ ಎಂದು ಈಗಲೂ ಅನ್ನಿಸುತ್ತದೆ. ನಾನು ಕೇಳಲಿಲ್ಲ. ಯಾವ ಹೆಬ್ಬೆರಳು ಕಂಡರೆ ನನಗೆ ಮೈ ಉರಿಯುತ್ತಿತ್ತೋ ಅದನ್ನೇ ಅವನಿಗೆ ಕಳಿಸಿದೆ.

ಭಾನುವಾರ ಫೋನಿನ ಪರದೆಯ ಮೇಲೆ ಐದು ಚೌಕ. ಸಿಂದಗಿಯವನು ಮಾಡಿದ, ಬಾಗೇವಾಡಿಯವಳು ಮಾಡಿದಳು, ನಾನು ಮಾಡಿದೆ. ಎಲ್ಲರದಕ್ಕೂ ಸರ್ ಗುಡ್ ಎಂದರು. ಕೊನೆಗೆ ಮುದ್ದೇಬಿಹಾಳ. ಅವನು ಹೊಸ ಅಂಗಿ ಹಾಕಿಕೊಂಡಿದ್ದ. ಫ್ಲಾಸ್ಕನ್ನು ಬಿಳಿ ಹಾಳೆಯ ಮುಂದೆ ಹಿಡಿದು ಹನಿ ಬಿಡತೊಡಗಿದ, ಕಣ್ಣು ಮಾತ್ರ ಫ್ಲಾಸ್ಕಿನ ಮೇಲೆ ಇರಲಿಲ್ಲ, ಫೋನಿನ ಮೇಲೆ ಇತ್ತು. ನನ್ನ ಚೌಕದ ಮೇಲೆ ಎಂದು ನನಗೆ ಗೊತ್ತಿತ್ತು. ಬಣ್ಣ ತಿರುಗಿದ್ದನ್ನು ಸರಿಯಾಗಿ ನೋಡಿದೆ. ಕೆಮ್ಮಲಿಲ್ಲ. ಅವನು ಇನ್ನೊಂದು ಹನಿ ಬಿಟ್ಟ. ಇನ್ನೊಂದು. ಅಚ್ಚ ನೀಲಿಯಾದ ನೀರಿಗೆ ಸುಮ್ಮನೆ ಹನಿ ಬೀಳುತ್ತಲೇ ಇತ್ತು. ಸಾಕಪ್ಪ, ಎಲ್ಲಿಗೆ ಹೊರಟೆ ಎಂದರು ಸರ್. ಅವನು ನಳ ತಿರುಗಿಸಿ, ಸಣ್ಣ ದನಿಯಲ್ಲಿ, ಬಂತೇನು ಇಂಡಿ ಎಂದ.

ನಾನು ಮೈಕು ಆನ್ ಮಾಡಿದೆ.

"ಕಣ್ಣಿಲ್ಲೇನ ನಿನಗ? ಅದನ್ನೂ ನನ್ನ ಕೇಳಬೇಕೇನ?"

ಸಿಂದಗಿಯವನು ನಕ್ಕ. ಬಾಗೇವಾಡಿಯವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಸರ್ ಕೂಡ ನಗುತ್ತ, ಕಣ್ಣಿಗೆ ಒಂದು ಚಾಳೀಸು ಹಾಕ್ಕೊಳ್ಳಪ್ಪ ಎಂದರು. ಮುದ್ದೇಬಿಹಾಳದವನ ಕೈ ಫೋನಿನ ಕಡೆ ಬಂತು, ಚೌಕ ಕಪ್ಪಾಯಿತು. ನನಗೆ ಆ ಹೊತ್ತಿಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಹನ್ನೊಂದಕ್ಕೆ ಫೋನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಶೀಟಿನಲ್ಲಿ ಅವನ ತಾಲ್ಲೂಕಿನ ಕೆಳಗೆ ಎರಡು ಮನೆ ಖಾಲಿ ಬಿದ್ದವು. ಸರ್ ಗ್ರೂಪಿನಲ್ಲಿ ಕೇಳಿದರೆ ಓಕೆ ಸರ್ ಎಂದು ಹಾಕಿದ, ಅಷ್ಟೇ. ಎರಡನೆಯ ಭಾನುವಾರ ಅವ್ವ ಸೊಪ್ಪಿನ ಮೊರ ಮುಂದಿಟ್ಟುಕೊಂಡು, ಮುದ್ದೇಬಿಹಾಳ ಯಾಕೆ ಫೋನು ಮಾಡಲಿಲ್ಲ ಎಂದು ಕೇಳಿದಳು. ನಾನು ನಡೆದದ್ದನ್ನು ಜಂಬದಿಂದಲೇ ಹೇಳಿದೆ. ಹೇಗೆ ಬಾಯಿ ಮುಚ್ಚಿಸಿದೆ ನೋಡು ಎಂಬ ಹಾಗೆ. ಅವ್ವ ಕೈ ನಿಲ್ಲಿಸಿದಳು.

"ಆ ಹುಡುಗಗ ಬಣ್ಣ ಕಾಣಂಗಿಲ್ಲವ್ವಾ. ನೀ ಅವತ್ತ ಕೆಂಪು ಹಿಡದಾಗ ಅಂವ ಬಂತು ಅಂದ. ನಾ ಆಗ ನೋಡೇನಿ."

ಆಮೇಲೆ ತನ್ನ ಅಣ್ಣನ ಕಥೆ ಹೇಳಿದಳು. ಸೋದರಮಾವನನ್ನು ಸಣ್ಣವನಿದ್ದಾಗ ನಿಂಬೆಹಣ್ಣು ಆರಿಸಲು ಕೂಡಿಸಿದರೆ ಹಸಿರು ಕಾಯಿ, ಹಳದಿ ಹಣ್ಣು ಎಲ್ಲ ಒಂದೇ ಬುಟ್ಟಿಗೆ ಹಾಕುತ್ತಿದ್ದನಂತೆ. ಇವನು ಬೇಕೆಂದೇ ಮಾಡುತ್ತಾನೆಂದು ಅಜ್ಜ ಹೊಡೆದರಂತೆ, ಒಂದು ಸಲ ಅಲ್ಲ, ಬಹಳ ಸಲ. ಅವನು ಕೈಗೆ ಸಿಕ್ಕ ಹಣ್ಣನ್ನು ಬುಟ್ಟಿಗೆ ಹಾಕುವ ಮುಂಚೆ ತಂಗಿಯ ಮುಖ ನೋಡುತ್ತಿದ್ದನಂತೆ. ಹಣ್ಣಾದರೆ ಅವ್ವ ತಲೆಯಾಡಿಸುತ್ತಿದ್ದಳು, ಕಾಯಾದರೆ ಸುಮ್ಮನಿರುತ್ತಿದ್ದಳು. ಹೀಗೆ ಎಷ್ಟೋ ದಿನ ಅಜ್ಜನ ಏಟು ತಪ್ಪಿಸಿದಳಂತೆ.

ಈ ಬಣ್ಣಗುರುಡು ತಾಯಿಯಿಂದ ಮಗನಿಗೆ ಹೇಗೆ ಬರುತ್ತದೆ ಎಂದು ಪಿಯುಸಿಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಸಾಲಿಯ ಮೆಟ್ಟಿಲು ಹೆಚ್ಚು ಹತ್ತದ ನನ್ನ ಅವ್ವನಿಗೆ ಸೊಪ್ಪು ಸೋಸುತ್ತ ತಿಳಿದದ್ದು ನನಗೆ ಫೋನು ಮುಖದ ಮುಂದೆ ಹಿಡಿದೂ ತಿಳಿಯಲಿಲ್ಲ. ಲ್ಯಾಬಿನಲ್ಲಿ ಅವನು ಯಾಕೆ ಯಾವಾಗಲೂ ನಡುವಿನ ಬೆಂಚಿಗೇ ನಿಲ್ಲುತ್ತಿದ್ದ ಎಂದು ಆಗ ಗೊತ್ತಾಯಿತು. ಅಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರು ಬಂತು ಎನ್ನುವವರು ಇದ್ದರು. ಮನೆಗೆ ಕಳಿಸಿದ ಪೆಟ್ಟಿಗೆಯಲ್ಲಿ ಅದೊಂದು ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಒಲೆಯ ಮುಂದೆ ಕೂತಿದ್ದೆ.

ಮೆಸೇಜು ಬರೆಯಲು ಕೂತರೆ ಏನು ಬರೆದರೂ ಸರಿಯಾಗಲಿಲ್ಲ. ತಪ್ಪಾಯಿತು ಎಂದು ಬರೆದೆ, ಅಳಿಸಿದೆ. ನನಗೆ ಗೊತ್ತಿರಲಿಲ್ಲ ಎಂದು ಬರೆದೆ, ಅದನ್ನು ಓದಿದರೆ ನನ್ನ ಗುಟ್ಟು ಇವಳಿಗೆ ಗೊತ್ತಾಯಿತಲ್ಲ ಎಂದು ಅವನಿಗೆ ಇನ್ನೂ ನೋವಾದೀತು ಎಂದು ಅಳಿಸಿದೆ. ನಾನು ಬರೆಯುತ್ತಿರುವುದು, ನಿಲ್ಲಿಸುವುದು ಅವನ ಫೋನಿನಲ್ಲಿ ಕಾಣುತ್ತಿತ್ತೋ ಏನೋ. ಕೊನೆಗೆ, ಭಾನುವಾರ ಫೋನ್ ಮಾಡು, ನಾ ನೋಡ್ತೇನಿ ಎಂದು ಇಷ್ಟೇ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವನಿಂದ ಒಂದು ಹೆಬ್ಬೆರಳು ಬಂತು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅವ್ವನಿಗೆ ಓಡಿಹೋಗಿ ತೋರಿಸಿದೆ. ಭಾನುವಾರ ತಲೆ ಬಾಚಿಕೊಂಡು ಹತ್ತೂವರೆಗೇ ಹಿತ್ತಲಿನ ಕಟ್ಟೆಗೆ ಬಂದು ಕೂತೆ. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ನಾನೇ ಕರೆ ಮಾಡಿದೆ. ಅದು ಅಷ್ಟೂ ಹೊತ್ತು ಬಡಿದುಕೊಂಡು ನಿಂತಿತು. ಹನ್ನೆರಡಕ್ಕೆ ಶೀಟಿನಲ್ಲಿ ಅವನ ರೀಡಿಂಗ್ ಬಂತು, ಖಾಲಿ ಬಿದ್ದಿದ್ದ ಎರಡು ವಾರದ್ದು ಬಿಟ್ಟು ಆ ದಿನದ್ದು. ಯಾರು ನೋಡಿ ಹೇಳಿದರೋ. ಬಾಗೇವಾಡಿಯವಳನ್ನು ಕೇಳಿದೆ, ನನಗೆ ಮಾಡಿಲ್ಲ ಎಂದಳು. ಅಂದಿನಿಂದ ಪ್ರತಿ ಭಾನುವಾರ ರೀಡಿಂಗ್ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಶೀಟಿನ ಆ ಮನೆಯಲ್ಲಿ ಅಂಕಿ ಮೂಡುವುದನ್ನು ನೋಡುತ್ತ ಕೂರುವುದೇ ನನ್ನ ಭಾನುವಾರವಾಯಿತು. ಅಂಕಿ ಬಂತೆಂದರೆ ಅವನು ಈಗ ಮಾಳಿಗೆಯಿಂದ ಕೆಳಗೆ ಇಳಿದ ಎಂದುಕೊಳ್ಳುತ್ತಿದ್ದೆ.

ಪ್ರಾಜೆಕ್ಟ್ ಮುಗಿದು ವೈವಾಕ್ಕೆ ನಾಲ್ವರೂ ಡಿಪಾರ್ಟ್‌ಮೆಂಟಿಗೆ ಬಂದೆವು. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುವ ಮೊದಲು ಒಬ್ಬೊಬ್ಬರೂ ಒಂದು ನೀರಿನ ಸ್ಯಾಂಪಲ್ ಮಾಡಿ ತೋರಿಸಬೇಕಿತ್ತು. ಅದು ಗೊತ್ತಾದಾಗಿನಿಂದ ನಾನು ಒಂದೇ ನಿರ್ಧಾರ ಮಾಡಿಕೊಂಡಿದ್ದೆ. ಅವನ ಪಕ್ಕದ ಬೆಂಚು ಹಿಡಿಯಬೇಕು, ಬಣ್ಣ ಬಂದ ಹನಿಗೆ ಸರಿಯಾಗಿ ಕೆಮ್ಮಬೇಕು. ಅಂದು ಕೆಮ್ಮದ ಕೆಮ್ಮು ಇಂದಾದರೂ ಕೆಮ್ಮಬೇಕು. ಹೊರಗೆ ವರಾಂಡದಲ್ಲಿ ಅವನು ಎದುರಾದ. ಏನೋ ಹೇಳಬೇಕೆಂದು ಬಾಯಿ ತೆರೆದೆ, ಸಿಂದಗಿಯವನು ನಡುವೆ ಬಂದು ಇಬ್ಬರ ಬೆನ್ನಿಗೂ ಗುದ್ದಿ ನಗಾಡಿದ, ಅಷ್ಟರಲ್ಲಿ ಒಳಗೆ ಕರೆದರು.

ಪಕ್ಕದ ಬೆಂಚು ಸಿಕ್ಕಿತು. ನನ್ನ ಕೆಲಸ ಬಿಟ್ಟು ಅವನ ಫ್ಲಾಸ್ಕನ್ನೇ ನೋಡುತ್ತ ನಿಂತೆ. ಹನಿ ಬೀಳುತ್ತಿತ್ತು. ಕೆಂಪು ತುಸು ಮಸುಕಾಯಿತು, ಇನ್ನೊಂದು ಹನಿ, ನೀಲಿ. ನಾನು ಕೆಮ್ಮಿದೆ. ಜೋರಾಗಿಯೇ ಕೆಮ್ಮಿದೆ, ಪರೀಕ್ಷಕರು ತಿರುಗಿ ನೋಡುವಷ್ಟು.

ಅವನು ತಲೆ ಎತ್ತಲಿಲ್ಲ.

"ಕೆಮ್ಮಬ್ಯಾಡ್ರಿ. ಸರ್‌ಗೆ ನನ್ನ ಕಣ್ಣಿಂದು ಹೇಳೇನಿ."

ಇಂಡಿ ಎನ್ನಲಿಲ್ಲ, ನೀ ಎನ್ನಲಿಲ್ಲ. ಅವನ ಆಚೆ ಬದಿಗೆ, ಗಾಜಿನ ಸಾಮಾನು ತೊಳೆಯುವ ಲ್ಯಾಬಿನ ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಅವನ ಜೊತೆ ನಿಂತು ಬಣ್ಣ ಹೇಳುವ ಕೆಲಸವನ್ನು ಸರ್ ಅವಳಿಗೆ ಒಪ್ಪಿಸಿದ್ದರು, ಅಲ್ಲಿಯವರೆಗೆ ನಾನು ಅವಳನ್ನು ನೋಡಿಯೇ ಇರಲಿಲ್ಲ. ಅವಳು ಬಗ್ಗಿ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, ಬಂತ್ರಿ, ನಿಲ್ಲಿಸ್ರಿ ಎಂದಳು. ಅವನು ನಳ ತಿರುಗಿಸಿ ಅವಳ ಕಡೆ ನೋಡಿ ನಕ್ಕ. ಆ ನಗು ನನಗೆ ಗೊತ್ತಿದ್ದದ್ದೇ. ಮಾಳಿಗೆಯ ಮೇಲೆ ಕಾಗೆ ಓಡಿಸಿ ಬಂದು ಕೂತಾಗಿನದು.

ಪರೀಕ್ಷಕರು, ನಿಮ್ಮದು ಎಲ್ಲಿಗೆ ಬಂತಮ್ಮ ಎಂದು ನನ್ನನ್ನು ಕೇಳಿದರು. ನನ್ನ ಬೆಂಚಿಗೆ ತಿರುಗಿ ಹನಿ ಬಿಡತೊಡಗಿದೆ. ಒಂದು ಹನಿಯೂ ಹೆಚ್ಚಾಗಲಿಲ್ಲ. ನೀರು ನೀಲಿಯಾಯಿತು. ರೂಢಿಯಂತೆ ಪಕ್ಕಕ್ಕೆ ನೋಡಿದೆ. ಅವನು ಬಗ್ಗಿ ತನ್ನ ರೀಡಿಂಗ್ ಬರೆದುಕೊಳ್ಳುತ್ತಿದ್ದ. ನನ್ನ ನಳವನ್ನು ನಾನೇ ತಿರುಗಿಸಿ ನಿಲ್ಲಿಸಿದೆ.